ಬಾಡಿಗೆ ಮನೆಯ ಸುಣ್ಣ-ಬಣ್ಣ

ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಸಹಜ ಬಳಕೆಯ ಸವೆತಕ್ಕೆ, ತಡೆಯಲಾಗದ ಶಕ್ತಿಯಿಂದಾದ ಹಾನಿಗೆ ಮಾತ್ರ ವಿನಾಯಿತಿ ಎನ್ನುತ್ತದೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಕಲಮು. ಬಿಸಿಲಿಗೆ ಮಾಸಿದ ಬಣ್ಣ ಸಹಜ ಸವೆತ. ಕಿತ್ತುಹೋದ ಸ್ವಿಚ್ ಬೋರ್ಡ್ ಅಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ಸುಣ್ಣ-ಬಣ್ಣ ಮಾಲೀಕನದೇ ಹೊಣೆ ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯೂ ಹೇಳುತ್ತದೆ. ಆದರೂ ಡಿಪಾಸಿಟ್ಟಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಬೆಂಗಳೂರಿನ ರೂಢಿ ನಿಂತಿಲ್ಲ. ಕರಾರಿನಲ್ಲಿ ಬರೆಯದೆ ಹಾಗೆ ಮುರಿಯುವುದು ನ್ಯಾಯವಲ್ಲ.

ಕೃಷ್ಣಾ ತೀರದ ಯಡೂರಿನಂಥ ಊರಲ್ಲಿ ತೊಡಕು ಬೇರೆ. ಹೊಳೆ ತುಂಬಿದರೆ ಕಲ್ಲೋಳ-ಯಡೂರು ಸೇತುವೆ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ ದಂಡೆಯ ಊರುಗಳ ಮನೆಗಳಿಗೇ ನೀರು ನುಗ್ಗಿತ್ತು. ನೆನೆದ ಗೋಡೆ ಆರುವಾಗ ತೇವದ ಜೊತೆ ಉಪ್ಪೂ ಹೊರಬರುತ್ತದೆ. ಹೊಸಬರು ಬರುವ ಅವಸರಕ್ಕೆ ಬಳಿದ ಆಯಿಲ್ ಪೇಂಟ್ ಉಬ್ಬಿ, ಪದರು ಪದರಾಗಿ ಉದುರುತ್ತದೆ. ಸುಣ್ಣ ತೇವವನ್ನು ಹೊರಬಿಡುತ್ತದೆ, ಅಗ್ಗವೂ ಹೌದು. ಉಪ್ಪನ್ನು ಒಣ ಬ್ರಶ್ಶಿನಿಂದ ಕೆರೆದು, ಗೋಡೆ ಪೂರ್ತಿ ಒಣಗಿದ ಮೇಲೆಯೇ ಪುಟ್ಟಿ, ಪ್ರೈಮರ್, ಬಣ್ಣ.

ಹಳೆಯ ಬಾಗಿಲು-ಕಿಟಕಿಗಳ ಬಣ್ಣದಲ್ಲಿ ಸೀಸ ಇರಬಹುದು. ಮನೆಬಣ್ಣದಲ್ಲಿ ಅದಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅಂಥ ಬಣ್ಣವನ್ನು ನೀರು ಹಚ್ಚಿಯೇ ಉಜ್ಜಬೇಕು, ಮಕ್ಕಳನ್ನು ದೂರ ಇಡಬೇಕು.