ತೋಳ, ನಾಯಿ ಮತ್ತು ಶ್ರಾವಕ ಧರ್ಮ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಕೇವಲಜ್ಞಾನ ಕಲ್ಯಾಣದಂದು ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಪಂಡಿತರೂ ವಿದ್ವಾಂಸರೂ ಮಾತನಾಡಬೇಕಾದ ಈ ಸ್ಥಳದಲ್ಲಿ ಅಂಗಡಿಯ ಗಲ್ಲೆಯ ಮೇಲೆ ಕುಳಿತು ಕೂದಲು ನರೆಸಿಕೊಂಡ ನನ್ನಂಥವನನ್ನು ನಿಲ್ಲಿಸಿರುವುದು ಸಮಿತಿಯವರ ಔದಾರ್ಯ. ಶಾಸ್ತ್ರವನ್ನು ವಿವರಿಸುವ ಯೋಗ್ಯತೆ ನನಗಿಲ್ಲ. ನಮ್ಮ ಸೀಮೆಯ ಬಯಲಿನಲ್ಲಿ ನಾನು ಕಂಡ ಒಂದು ಸಂಗತಿಯನ್ನೂ, ಅದರಲ್ಲಿ ನನ್ನ ಪಾಲಿಗೆ ಬಂದ ದೋಷವನ್ನೂ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುವುದಷ್ಟೇ ನನ್ನ ಉದ್ದೇಶ.

ಇಂದು ಬೆಳಿಗ್ಗೆ ನಾವೆಲ್ಲರೂ ಸಮವಸರಣದ ರಚನೆಯನ್ನು ಕಣ್ತುಂಬ ನೋಡಿದೆವು. ಅದರಲ್ಲಿ ಹನ್ನೆರಡು ಕೋಷ್ಠಗಳು. ಮುನಿಗಳು, ಆರ್ಯಿಕೆಯರು, ದೇವದೇವಿಯರು, ಮನುಷ್ಯರು ಎಲ್ಲರಿಗೂ ಸ್ಥಾನವಿದ್ದು, ಕಡೆಯ ಕೋಷ್ಠವು ತಿರ್ಯಂಚ ಜೀವಿಗಳದು. ಅಲ್ಲಿ ಹುಲಿಯೂ ಹಸುವೂ, ತೋಳವೂ ಕುರಿಯೂ ಜಾತಿವೈರವನ್ನು ಮರೆತು ಕುಳಿತು ದಿವ್ಯಧ್ವನಿಯನ್ನು ಕೇಳುತ್ತವೆ. ಮಕ್ಕಳು ಆ ಮಣ್ಣಿನ ಬೊಂಬೆಗಳನ್ನು ನೋಡಿ ಸಂತೋಷಪಟ್ಟರು. ನನಗೆ ಮಾತ್ರ ಒಂದು ವಿಚಾರ ಕೊರೆಯಿತು. ಭಗವಂತನ ಸಭೆಯಲ್ಲಿ ತೋಳಕ್ಕೆ ಸ್ಥಾನವಿದೆ. ನಮ್ಮ ಊರಿನ ಹೊರಗಣ ಬಯಲಿನಲ್ಲಿ ಅದಕ್ಕೆ ಸ್ಥಾನವಿದೆಯೇ?

ತೋಳವೆಂದರೆ ದಟ್ಟ ಕಾಡಿನ ಪ್ರಾಣಿಯೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಮ್ಮ ದೇಶದ ತೋಳ ಹಾಗಲ್ಲ. ಅದು ಹುಲ್ಲುಗಾವಲಿನ, ಕುರುಚಲು ಗಿಡಗಳ, ಕಲ್ಲುಗುಡ್ಡಗಳ ಜೀವಿ. ಕೊಪ್ಪಳ, ಗದಗ, ಬಳ್ಳಾರಿ, ರಾಯಚೂರು, ಬಾಗಲಕೋಟೆಯ ಬಯಲುಗಳೇ ಅದರ ಮನೆ. ತೂಕ ಸುಮಾರು ಇಪ್ಪತ್ತು ಕಿಲೋ. ಚಳಿಗಾಲದಲ್ಲಿ ಬಿಲದೊಳಗೆ ಮರಿ ಹಾಕುತ್ತದೆ. ಗಂಡು ಹೆಣ್ಣು ಎರಡೂ ಕೂಡಿ ಮರಿಗಳನ್ನು ಸಾಕುತ್ತವೆ. ಇಡೀ ದೇಶದಲ್ಲಿ ಈಗ ಉಳಿದಿರುವುದು ಸುಮಾರು ಮೂರು ಸಾವಿರವೆಂದು ಅಂದಾಜು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿಯ ಸಂಗಡವೇ ಇದರ ಹೆಸರೂ ಇದೆ. ಹುಲಿಗಾದರೋ ಕಾಡಿದೆ, ಕಾವಲಿದೆ. ತೋಳದ ಬಹುಪಾಲು ನೆಲೆಯು ಕಾಯ್ದಿಟ್ಟ ಅರಣ್ಯದ ಹೊರಗೇ ಇದ್ದು, ಸರಕಾರಿ ದಾಖಲೆಯಲ್ಲಿ ಬಂಜರು ಎಂದು ಕರೆಸಿಕೊಳ್ಳುತ್ತದೆ.

ಕೊಪ್ಪಳವು ನಮಗೆ ಹೊಸ ಹೆಸರಲ್ಲ. ಅದೇ ನಮ್ಮ ಹಿರಿಯರ ಕೊಪಣ, ಮಹಾತೀರ್ಥ. ಕನ್ನಡ ನಾಡಿನ ತಿರುಳನ್ನು ಹೇಳುವಾಗ ಕವಿರಾಜಮಾರ್ಗವು ಹೆಸರಿಸಿದ ನಾಲ್ಕು ಊರುಗಳಲ್ಲಿ ಅದೂ ಒಂದು. ಅದರ ಗುಡ್ಡಗಳ ಮೇಲೆ ತ್ಯಾಗಿಗಳು ಸಲ್ಲೇಖನ ವ್ರತ ಕೈಕೊಂಡು ದೇಹ ಬಿಟ್ಟರು. ಅದೇ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದ ಸುಮಾರು 332 ಹೆಕ್ಟೇರ್ ಬಯಲನ್ನು ಸರಕಾರವು ಇತ್ತೀಚೆಗೆ ತೋಳಗಳ ಧಾಮವನ್ನಾಗಿ ಮಾಡಿರುವುದು ಸಂತೋಷದ ವಿಷಯ. ಕ್ರಿ.ಶ. 898ರಲ್ಲಿ ಉತ್ತರಪುರಾಣಕ್ಕೆ ಪೂಜೆ ಸಂದ ಹಾವೇರಿ ಸೀಮೆಯ ಬಂಕಾಪುರ ಬೇರೆ, ಇದು ಬೇರೆ. ತೋಳಕ್ಕೆಂದೇ ಮೀಸಲಾದ ಧಾಮ ಇದಕ್ಕೂ ಮೊದಲು ಜಾರ್ಖಂಡದ ಮಹುವಾಡಾಂಡ್‌ನಲ್ಲಿ 1976ರಲ್ಲಿ ಆಗಿತ್ತು. ಆದರೆ ತೋಳವು ಒಂದೇ ರಾತ್ರಿಯಲ್ಲಿ ಹತ್ತಾರು ಮೈಲಿ ಅಲೆಯುವ ಪ್ರಾಣಿ. ಧಾಮದ ಗಡಿ ದಾಟಿದರೆ ಅದರ ಬಾಳು ಕುರಿಗಾರನ ಕೈಯಲ್ಲಿ, ರೈತನ ಕೈಯಲ್ಲಿ, ನಮ್ಮಂಥ ವ್ಯಾಪಾರಿಗಳ ಕೈಯಲ್ಲಿಯೂ ಇದೆ.

ವ್ಯಾಪಾರಿಯ ಕೈಯಲ್ಲಿ ಹೇಗೆ ಎಂದು ತಾವು ಕೇಳಬಹುದು. ಅದನ್ನು ಹೇಳಲೆಂದೇ ನಿಂತಿದ್ದೇನೆ.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ನಮ್ಮ ಅಂಗಡಿಯಲ್ಲಿ ಆಗ ಬೀಜ, ಗೊಬ್ಬರ, ಕ್ರಿಮಿನಾಶಕ ಎಲ್ಲವನ್ನೂ ಮಾರುತ್ತಿದ್ದೆವು. ನಮ್ಮ ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಿದ್ದ ಒಬ್ಬ ಕುರಿಗಾರ ನಮ್ಮಲ್ಲಿ ಉದ್ದರಿ ಇಟ್ಟುಕೊಂಡಿದ್ದ. ಒಂದು ಸಂಜೆ ಬಂದು ಒಂದು ಶೀಸೆ ಕ್ರಿಮಿನಾಶಕ ಕೇಳಿದ. ಅವನಿಗೆ ಅಂಗೈಯಷ್ಟು ಹೊಲವೂ ಇಲ್ಲವೆಂದು ನನಗೆ ಗೊತ್ತಿತ್ತು. ಹಿಂದಿನ ರಾತ್ರಿ ಅವನ ಕುರಿಯೊಂದು ಹೋಗಿದೆಯೆಂದೂ ಕೇಳಿದ್ದೆ. ಏತಕ್ಕೆಂದು ನಾನು ಕೇಳಲಿಲ್ಲ. ಕೇಳಿದರೆ ಅವನು ಹೇಳುತ್ತಿದ್ದ. ಹೇಳಿದರೆ ನಾನು ಕೊಡುವಂತಿರಲಿಲ್ಲ. ಆದುದರಿಂದಲೇ ಕೇಳಲಿಲ್ಲ. ಶೀಸೆ ಕೊಟ್ಟು ಖಾತೆಯಲ್ಲಿ ಬರೆದುಕೊಂಡೆ.

ಸತ್ತ ಕುರಿಯ ಮೈಗೆ ಆ ವಿಷವನ್ನು ಸವರಿ ಹಳ್ಳದ ದಂಡೆಯಲ್ಲಿ ಇಟ್ಟನಂತೆ. ಮೂರನೆಯ ದಿನ ನಾನೇ ಹೋಗಿ ನೋಡಿದೆ. ಹಾಲೂಡುವ ಹೆಣ್ಣುತೋಳವೊಂದು ಸತ್ತು ಬಿದ್ದಿತ್ತು. ಸುತ್ತಲೂ ಕಾಗೆಗಳು ಬಿದ್ದಿದ್ದವು. ತುಸು ದೂರದಲ್ಲಿ ಕುರಿಗಾರನ ಎರಡು ನಾಯಿಗಳು, ಕೊರಳಲ್ಲಿ ಕಬ್ಬಿಣದ ಮುಳ್ಳುಪಟ್ಟಿ ಹಾಗೆಯೇ ಇತ್ತು. ತೋಳದ ಮರಿಗಳು ಯಾವ ಬಿಲದಲ್ಲಿ ಎಷ್ಟು ದಿನ ತಾಯಿಯ ದಾರಿ ಕಾದವೋ ಯಾರೂ ನೋಡಲಿಲ್ಲ. ಕುರಿಗಾರ ಆ ಪಟ್ಟಿಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, "ತೋಳ ಹೋತು ಸಾವುಕಾರ್ರ, ಇನ್ನ ರಾತ್ರಿ ಮಂದಿ ಕಾಯಾವ್ರು ಯಾರು?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಆ ವರ್ಷ ಅವನ ಮಂದೆಗೆ ನಷ್ಟ ಕಡಿಮೆಯಾಗಲಿಲ್ಲ, ಹೆಚ್ಚಿತು. ಕಾವಲು ನಾಯಿಗಳಿಲ್ಲದ ಹಟ್ಟಿಗೆ ಊರ ಬೀದಿನಾಯಿಗಳ ಹಿಂಡು ನುಗ್ಗಿ ಒಂದೇ ರಾತ್ರಿಯಲ್ಲಿ ಹಲವು ಮರಿಗಳನ್ನು ಕಚ್ಚಿ ಹಾಕಿತು. ತೋಳವು ಸಾಮಾನ್ಯವಾಗಿ ಒಂದನ್ನು ಹಿಡಿದು ಒಯ್ಯುತ್ತದೆ, ನಾಯಿಯ ಹಿಂಡು ಸಿಕ್ಕಿದ್ದನ್ನೆಲ್ಲ ಕಚ್ಚಿ ಬಿಟ್ಟು ಹೋಗುತ್ತದೆ ಎಂದು ವಯಸ್ಸಾದ ಕುರಿಗಾರನೊಬ್ಬ ನನಗೆ ಗಾಯಗಳನ್ನು ತೋರಿಸಿ ತಿಳಿಸಿದ. ತೋಳಕ್ಕೆ ಹೋದ ಮರಿಯನ್ನು ಅವನು "ತೋಳದ ಪಾಲು" ಎಂದು ಕರೆದ. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು.

ಧರ್ಮಬಂಧುಗಳೇ, ನಮ್ಮ ಶಾಸ್ತ್ರವು ಗೃಹಸ್ಥನಿಗೆ ಹಿಂಸೆಯನ್ನು ನಾಲ್ಕು ವಿಧವಾಗಿ ವಿಂಗಡಿಸಿ ಹೇಳುತ್ತದೆ: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಮನೆಗೆಲಸ, ಉದ್ಯೋಗ, ಆತ್ಮರಕ್ಷಣೆ ಇವುಗಳಲ್ಲಿ ಆಗುವ ಹಿಂಸೆಯನ್ನು ಶ್ರಾವಕನು ಪೂರ್ತಿ ತಪ್ಪಿಸಲಾರ, ಕಡಿಮೆ ಮಾಡಿಕೊಳ್ಳಬೇಕು. ಸಂಕಲ್ಪೀ ಹಿಂಸೆಯನ್ನು ಮಾತ್ರ ಸಂಪೂರ್ಣವಾಗಿ ಬಿಡಲೇಬೇಕು. ಕುರಿಗಾರನು ಕೋಲು ಹಿಡಿದು, ಕೂಗಿ, ನಾಯಿ ಬಿಟ್ಟು ತೋಳವನ್ನು ಓಡಿಸುವುದು ತನ್ನ ಮಂದೆಯ ರಕ್ಷಣೆ. ವಿಷವಿಡುವುದು ಹಾಗಲ್ಲ. ಅದು ಮೊದಲೇ ಎಣಿಸಿ ಮಾಡುವ ಕೊಲೆ. ಮೇಲಾಗಿ ವಿಷಕ್ಕೆ ತೋಳ ಯಾವುದು, ಕಾವಲು ನಾಯಿ ಯಾವುದು ಎಂಬ ವಿವೇಕವಿಲ್ಲ. ಆದರೆ ಆ ಸಂಕಲ್ಪ ಕುರಿಗಾರನದಷ್ಟೇ ಆಗಿತ್ತೇ? ಅವನು ಸಂಕಟದಲ್ಲಿದ್ದ, ನಾನು ಲಾಭದಲ್ಲಿದ್ದೆ. ಶ್ರಾವಕನು ಬಿಡತಕ್ಕ ವ್ಯಾಪಾರಗಳಲ್ಲಿ ವಿಷವಾಣಿಜ್ಯವೂ ಒಂದೆಂದು ಬಾಲ್ಯದಲ್ಲಿಯೇ ಕೇಳಿದ್ದೆ. ಕೇಳಿಯೂ ಮಾರಿದೆ. ಆಮೇಲೆ ಎರಡು ವರ್ಷ ಹೊಯ್ದಾಡಿ ಆ ವ್ಯಾಪಾರವನ್ನು ಬಿಟ್ಟೆ. ಗಿರಾಕಿಗಳು ಪಕ್ಕದ ಅಂಗಡಿಗೆ ಹೋದರು, ಆದಾಯ ಇಳಿಯಿತು. ಹೊಗಳಿಕೆಗಾಗಿ ಇದನ್ನು ಹೇಳುತ್ತಿಲ್ಲ. ತಡವಾಗಿ ಬಿಟ್ಟೆನೆಂಬುದೇ ನನ್ನ ಅರಿಕೆ.

ತೋಳವನ್ನು ನಿರ್ಮೂಲ ಮಾಡಿದರೆ ಬಯಲು ನಿಶ್ಚಿಂತವಾಗುವುದೆಂಬುದು ಭ್ರಮೆ. ಅಮೆರಿಕದಲ್ಲಿ ಬಂದೂಕು, ಬಲೆ, ವಿಷಗಳಿಂದ ತೋಳಗಳನ್ನು ಬಹುತೇಕ ಇಲ್ಲವಾಗಿಸಿದರು. ಅಷ್ಟರಲ್ಲಿ ಕೊಯೋಟೆ ಎಂಬ ಅದರ ಚಿಕ್ಕ ದಾಯಾದಿ ಪ್ರಾಣಿಯು ದೇಶದ ಉದ್ದಗಲಕ್ಕೂ ಹರಡಿ ಪಟ್ಟಣಗಳೊಳಗೂ ಸೇರಿತು. ಕಡೆಗೆ ಯೆಲ್ಲೋಸ್ಟೋನ್ ಉದ್ಯಾನಕ್ಕೆ 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಡಬೇಕಾಯಿತು. ಕಳೆದುಕೊಂಡದ್ದನ್ನು ಕೊಂಡು ತರುವುದಕ್ಕಿಂತ ಇದ್ದುದನ್ನು ಕಾಯುವುದು ಸುಲಭವೆಂಬುದು ವ್ಯಾಪಾರಿಗಳಾದ ನಮಗೆ ತಿಳಿಯದ ಲೆಕ್ಕವಲ್ಲ.

ಹಾಗೆಂದು ತೋಳವು ನಿರಪಾಯಕಾರಿ ಎಂದು ನಾನು ಹೇಳಲಾರೆ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್ ಜಿಲ್ಲೆಯಲ್ಲಿ ತೋಳಗಳ ದಾಳಿಯಿಂದ ಮಕ್ಕಳು ಸತ್ತದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಜೀವದಯೆಯ ಉಪದೇಶ ಮಾಡುವುದು ದಯೆಯಲ್ಲ. ಆದರೆ ನಮ್ಮ ದೇಶದಲ್ಲಿ ನಾಯಿಕಡಿತದಿಂದ ಬರುವ ರೇಬಿಸ್ ರೋಗಕ್ಕೆ ವರ್ಷಕ್ಕೆ ಹದಿನೆಂಟರಿಂದ ಇಪ್ಪತ್ತು ಸಾವಿರ ಜನರು ಬಲಿಯಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಾವು ಅಂಜಬೇಕಾದುದು ಯಾವುದಕ್ಕೆ ಎಂಬುದನ್ನು ಈ ಅಂಕಿ ಹೇಳುತ್ತದೆ.

ಇಲ್ಲಿ ನಮ್ಮ ಸಮಾಜದ ಒಂದು ರೂಢಿಯ ವಿಚಾರ ಬರುತ್ತದೆ. ನಮ್ಮ ಮನೆಗಳಲ್ಲಿ ನಾಯಿಗೆ ರೊಟ್ಟಿ ಹಾಕುವುದು ಹಿಂದಿನಿಂದ ನಡೆದು ಬಂದಿದೆ. ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರನು ಪಂಚನಮಸ್ಕಾರ ಮಂತ್ರವನ್ನು ಹೇಳಲು, ಅದು ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾದ ಕಥೆಯನ್ನು ಕೇಳದವರು ಇಲ್ಲಿ ಯಾರಿದ್ದಾರೆ? ಆದುದರಿಂದ ರೊಟ್ಟಿ ಹಾಕಬೇಡಿರೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ದಾನವು ನಾಲ್ಕು ಬಗೆ: ಆಹಾರ, ಔಷಧ, ಶಾಸ್ತ್ರ, ಅಭಯ. ಆಹಾರವನ್ನು ಮಾತ್ರ ಕೊಟ್ಟು ಔಷಧವನ್ನು ಕೊಡದಿದ್ದರೆ ನಾಯಿಗಳ ಹಿಂಡು ಬೆಳೆಯುತ್ತದೆ, ರೋಗವೂ ಬೆಳೆಯುತ್ತದೆ. ಲಸಿಕೆಯಿಲ್ಲದ ನಾಯಿ ಶಾಲೆಗೆ ಹೋಗುವ ಮಗುವನ್ನು ಕಚ್ಚುತ್ತದೆ. ಬಯಲಿಗೆ ಹೋಗಿ ರೇಬಿಸ್ಸನ್ನೂ ಡಿಸ್ಟೆಂಪರ್ ರೋಗವನ್ನೂ ತೋಳಕ್ಕೆ ಅಂಟಿಸುತ್ತದೆ. ಪುಣೆಯ ಬಳಿಯ ಹುಲ್ಲುಗಾವಲಿನಲ್ಲಿ ನಾಯಿಯೂ ತೋಳವೂ ಕೂಡಿ ಬೆರಕೆ ಸಂತಾನವಾಗಿರುವುದು ಈಚೆಗೆ ದೃಢಪಟ್ಟಿದೆ. ಹೀಗೆ ನಮ್ಮ ರೊಟ್ಟಿಯೇ ತೋಳದ ವಂಶಕ್ಕೆ ಕುತ್ತಾಗಬಹುದು. ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಮಾಡಿಸುವುದು ಸ್ಥಳೀಯ ಸಂಸ್ಥೆಗಳ ಹೊಣೆಯೆಂದು 2023ರ ನಿಯಮಗಳು ಹೇಳುತ್ತವೆ. ಗೊತ್ತುಪಡಿಸಿದ ಸ್ಥಳಗಳಲ್ಲಿಯೇ ಆಹಾರ ಹಾಕಬೇಕೆಂದು 2025ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ನಾಯಿ ಕಚ್ಚಿದರೆ ಅರಿಸಿನ, ಸುಣ್ಣ ಎಂದು ಕಾಲ ಕಳೆಯದೆ, ಹದಿನೈದು ನಿಮಿಷ ಸಾಬೂನು ನೀರಿನಿಂದ ಗಾಯ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕೆಂಬುದನ್ನು ತಾಯಂದಿರು ದಯವಿಟ್ಟು ನೆನಪಿಡಬೇಕು.

ಈಗ ಸಮಿತಿಯವರಲ್ಲಿ ಒಂದು ಬಿನ್ನಹ. ಈ ಮಹೋತ್ಸವದಲ್ಲಿ ಕಲಶಗಳ ಸವಾಲಿಗೆ ತಾವೆಲ್ಲರೂ ಧಾರಾಳವಾಗಿ ಕೂಗಿದ್ದೀರಿ. ಅದರ ಒಂದು ಸಣ್ಣ ಅಂಶವನ್ನು ಜೀವದಯಾ ನಿಧಿಯೆಂದು ಬೇರೆ ತೆಗೆದಿಡಬೇಕು. ಅದರಿಂದ ಮೂರು ಕೆಲಸ ನಡೆಯಲಿ. ಮೊದಲನೆಯದು, ಊರಿನ ನಾಯಿಗಳಿಗೂ ಕುರಿಗಾರರ ಕಾವಲು ನಾಯಿಗಳಿಗೂ ವರ್ಷಕ್ಕೊಮ್ಮೆ ಲಸಿಕೆ. ಎರಡನೆಯದು, ತೋಳದಿಂದ ಕುರಿ ಕಳೆದುಕೊಂಡವನಿಗೆ ಕೂಡಲೇ ಕೈಗಡ. ಅರಣ್ಯ ಇಲಾಖೆಯಿಂದ ಪರಿಹಾರ ದೊರೆಯುವುದುಂಟು. ಆದರೆ ಇಂದು ಇಲ್ಲಿ, ನಾಳೆ ಅಲ್ಲಿ ಇರುವ ಕುರಿಗಾರನು ಅರ್ಜಿ, ಪಂಚನಾಮೆಗಳ ಹಿಂದೆ ತಿರುಗಲಾರ. ಓದುಬರಹ ಬಲ್ಲ ನಮ್ಮ ಯುವಕರು ಅವನ ಅರ್ಜಿ ಬರೆದುಕೊಡಲಿ. ಪರಿಹಾರ ಬರುವವರೆಗೆ ನಿಧಿ ಆಧಾರವಾಗಲಿ. ಕೈಯಲ್ಲಿ ನಾಲ್ಕು ಕಾಸಿದ್ದವನು ವಿಷದ ಶೀಸೆ ಕೇಳಲು ಬರುವುದಿಲ್ಲ. ಮೂರನೆಯದಕ್ಕೆ ದುಡ್ಡು ಬೇಡ: ಅಂಗಡಿಕಾರರು ವಿಷವನ್ನು ಬಿಡಲಾಗದಿದ್ದರೂ, ಕೊಳ್ಳಲು ಬಂದವನನ್ನು "ಏತಕ್ಕೆ?" ಎಂದು ಒಂದು ಮಾತು ಕೇಳಬೇಕು. ನಾನು ಅಂದು ಕೇಳದೆ ಉಳಿದದ್ದು ಆ ಒಂದು ಮಾತನ್ನೇ.

ವಡ್ಡಾರಾಧನೆಯ ಮೊದಲ ಕಥೆ ಸುಕುಮಾರ ಸ್ವಾಮಿಯದು. ನರಿಯೊಂದು ಮರಿಗಳೊಡನೆ ಬಂದು ಮೈಯನ್ನು ತಿನ್ನುತ್ತಿರಲು ಆ ಮಹಾಮುನಿಯು ಕದಲಲಿಲ್ಲ, ಕೋಪಿಸಲಿಲ್ಲ. ಆ ನರಿಯ ಹಸಿವಿನ ಹಿಂದೆ ತನ್ನದೇ ಪೂರ್ವಜನ್ಮದ ವೈರವಿತ್ತು. ಅಂಥ ಉಪಸರ್ಗವನ್ನು ಸಹಿಸುವ ಶಕ್ತಿ ನಮಗಿಲ್ಲ, ಅದನ್ನು ಯಾರೂ ನಮ್ಮಿಂದ ಬಯಸುವುದೂ ಇಲ್ಲ. ಮುನಿಗಳು ಮೈಯನ್ನೇ ಬಿಟ್ಟುಕೊಟ್ಟರು. ನಾವು ಬಿಟ್ಟುಕೊಡಬೇಕಾದುದು ತುಸು ಬಯಲು, ಒಂದೆರಡು ಮರಿಯ ಬೆಲೆ, ಒಂದಿಷ್ಟು ಲಾಭ. ಅಭಯದಾನವೆಂದರೆ ಗೃಹಸ್ಥನಿಗೆ ಇಷ್ಟೇ.

ನಾಳೆ ಮೋಕ್ಷ ಕಲ್ಯಾಣ. ಮುಗಿದ ಮೇಲೆ ಸಮವಸರಣದ ಬೊಂಬೆಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇವೆ. ಹಳ್ಳದಾಚೆಯ ತೋಳ ಮಾತ್ರ ಅಲ್ಲಿಯೇ ಇರುತ್ತದೆ. ಮೊನ್ನೆ ಚಳಿಯಲ್ಲಿ ಅದು ಕೂಗಿದ್ದನ್ನು ಬಸದಿಯ ಕೆಲಸದವರು ಕೇಳಿದ್ದಾರೆ. ಅದರ ಕೂಗು ಕೇಳುವ ಊರಿನಲ್ಲಿಯೇ ನಮ್ಮ ಗಂಟೆಯೂ ಬಹುಕಾಲ ಮೊಳಗಲಿ ಎಂದು ಪ್ರಾರ್ಥಿಸುತ್ತೇನೆ.