ಬೆಲೆ ಮೊದಲು ನೀವೇ ಹೇಳಿ

ಸೋದರಿಯರೇ, ಅಮೆರಿಕದ ಕಾರ್ ಡೀಲರ ಬಳಿ ಪತಿಯೊಡನೆ ಹೋದ ಬಹುಮಂದಿಗೆ ಈ ಅನುಭವ ಉಂಟು: ಕಾರು ನಮಗೆ, ಚೆಕ್ಕು ನಮ್ಮದು, ಮಾತು ಮಾತ್ರ ಯಜಮಾನರೊಡನೆ! ಇದು ಪರ್ಸಿಗೂ ತಟ್ಟುತ್ತದೆ. ಇಯಾನ್ ಏರ್ಸ್ ಎಂಬ ಕಾನೂನು ಪ್ರಾಧ್ಯಾಪಕರು ಗಂಡಸರಿಗೂ ಹೆಂಗಸರಿಗೂ ಒಂದೇ ಮಾತು ಕಲಿಸಿ ಷಿಕಾಗೋ ಸುತ್ತಿನ ಡೀಲರುಗಳಲ್ಲಿಗೆ ಕಳುಹಿಸಿದರು. 1991ರಲ್ಲಿ ಪ್ರಕಟವಾದ ಫಲಿತಾಂಶ: ಅದೇ ಕಾರಿಗೆ ಬಿಳಿಯ ಗಂಡಸಿಗಿಂತ ಬಿಳಿಯ ಹೆಂಗಸಿಗೆ ಹೆಚ್ಚು ಬೆಲೆ, ಕಪ್ಪು ಹೆಂಗಸಿಗೆ ಇನ್ನೂ ಹೆಚ್ಚು. ನಮ್ಮಂಥ ಕಂದುಬಣ್ಣದವರನ್ನು ಅವರು ಕಳುಹಿಸಲಿಲ್ಲ. ಊಹೆ ನಿಮಗೇ ಬಿಟ್ಟದ್ದು.

ರಿಪೇರಿಯಲ್ಲಿ ಮಾತ್ರ ಒಂದು ಉಪಾಯವಿದೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರ 2013ರ ಅಧ್ಯಯನದಲ್ಲಿ, ಗ್ಯಾರೇಜುಗಳಿಗೆ ಫೋನ್ ಮಾಡಿಸಿ ಟೊಯೋಟಾ ಕ್ಯಾಮ್ರಿಯ ರೇಡಿಯೇಟರ್ ಬದಲಿಸುವ ದರ ವಿಚಾರಿಸಲಾಯಿತು. "ಎಷ್ಟಾಗುತ್ತೆ?" ಎಂದಷ್ಟೇ ಕೇಳಿದ ಹೆಂಗಸರಿಗೆ ಗಂಡಸರಿಗಿಂತ ಹೆಚ್ಚು ಹೇಳಿದರು. "365 ಡಾಲರ್ ಅಂತ ಕೇಳಿದ್ದೆ" ಎಂದಾಗ ವ್ಯತ್ಯಾಸವೇ ಮಾಯ! ಕಡಿಮೆ ಮಾಡಿ ಎಂದಾಗಲಂತೂ ಹೆಂಗಸರಿಗೇ ಹೆಚ್ಚು ಸಲ ಇಳಿಸಿದರು.

ಚಿಕ್ಕಪೇಟೆಯಲ್ಲಿ ಸೀರೆಗೆ ಚೌಕಾಸಿ ಮಾಡಿದ ನಾಲಗೆ ಇಲ್ಲೇಕೆ ಒಣಗಬೇಕು? ಮೊದಲೇ ನಾಲ್ಕು ಕಡೆ ದರ ವಿಚಾರಿಸಿ ಬರೆದುಕೊಳ್ಳಿ. "ನಮ್ಮಲ್ಲೇ ಸರ್ವಿಸ್ ಮಾಡಿಸದಿದ್ದರೆ ವಾರಂಟಿ ಹೋಗುತ್ತೆ" ಎಂದು ಡೀಲರು ಹೆದರಿಸಿದರೆ, ಹಾಗೆ ಕಟ್ಟಿಹಾಕಲು 1975ರ ಮ್ಯಾಗ್ನುಸನ್-ಮಾಸ್ ಕಾಯಿದೆ ಬಿಡುವುದಿಲ್ಲವೆಂದು ಹೇಳಿ. ಹೊರಗೆ ಮಾಡಿಸಿದ ಸರ್ವಿಸಿನ ರಸೀದಿಗಳನ್ನು ಮಾತ್ರ ಜೋಪಾನವಾಗಿಡಿ.