ತಗುಲಿತೆಂದು ತಾನೇ ಹೇಳುವ ಆಟ

ವಿದೇಶಕ್ಕೆ ಹೋಗಿಬಂದವರು ಬಾನುಲಿಯ ಮುಂದೆ ಕುಳಿತರೆ ಥೇಮ್ಸ್ ನದಿ, ಷೇಕ್ಸ್‌ಪಿಯರನ ಮನೆ, ವಸ್ತುಸಂಗ್ರಹಾಲಯ ಇವುಗಳ ವಿಷಯ ಹೇಳುವುದು ವಾಡಿಕೆ. ಅವನ್ನೆಲ್ಲ ನಾನೂ ನೋಡಿದೆ. ಆದರೆ ಇಂದು ನಾನು ಹೇಳಹೊರಟಿರುವುದು ಕೆಂಟ್ ಪ್ರಾಂತದ ಒಂದು ಕಾಡಿನಲ್ಲಿ ಕಳೆದ ಒಂದು ಭಾನುವಾರದ ಸಂಗತಿ. ಅಲ್ಲಿ ನನ್ನ ಮಗಳ ಮಗ, 16 ವರ್ಷದ ಹುಡುಗ, ಬಂದೂಕು ಹಿಡಿದು ಆಡಿದ, ನಾನು ನೋಡಿದೆ.

“ತಾತ, ನಾಳೆ ಏರ್‌ಸಾಫ್ಟ್ ಆಡೋಕೆ ಹೋಗ್ತಿದೀನಿ, ನೀವೂ ಬನ್ನಿ” ಎಂದು ಅವನು ಕರೆದಾಗ, ಅದೇನೆಂದು ಕೇಳಿದೆ. ನಿಜವಾದ ಬಂದೂಕಿನಂತೆಯೇ ಕಾಣುವ ಆಟದ ಬಂದೂಕಿನಿಂದ ಒಬ್ಬರನ್ನೊಬ್ಬರು ಹೊಡೆಯುವ ಆಟವೆಂದು ತಿಳಿದಾಗ ನನಗೆ ಸಂತೋಷವೇನೂ ಆಗಲಿಲ್ಲ. ದಿನ ಬೆಳಗಾದರೆ ಯುದ್ಧದ ಸುದ್ದಿ ಕೇಳುವ ಕಾಲದಲ್ಲಿ ಭಾನುವಾರದ ವಿನೋದಕ್ಕೂ ಯುದ್ಧವೇ ಬೇಕೆ ಎಂದು ಮಗಳೊಡನೆ ಗೊಣಗಿದೆ. “ಹೋಗಿ ನೋಡಿ ಬಾ ಅಪ್ಪ, ಆಮೇಲೆ ಬೈಯುವೆಯಂತೆ” ಎಂದಳು.

ಈ ಆಟದ ತವರು ಜಪಾನ್ ಎಂಬುದು ನನಗೆ ಆಶ್ಚರ್ಯ ತಂದ ವಿಷಯ. ಎರಡನೆಯ ಮಹಾಯುದ್ಧದ ತರುವಾಯ ಆ ದೇಶದಲ್ಲಿ ಸಾಮಾನ್ಯ ಪ್ರಜೆ ಬಂದೂಕು ಇಟ್ಟುಕೊಳ್ಳುವುದು ಬಹಳ ಕಷ್ಟವಾಯಿತು. 1958ರ ಕಾಯಿದೆ ಕತ್ತಿಯನ್ನೂ ಬಂದೂಕನ್ನೂ ಒಟ್ಟಿಗೆ ಕಟ್ಟಿಹಾಕಿತು. ನಿಜವಾದದ್ದು ಕೈಗೆ ಸಿಗದ ಜನ ಅದರ ಪ್ರತಿಕೃತಿಯನ್ನು ಮಾಡಿಕೊಂಡರು. 1970ರ ದಶಕದಲ್ಲಿ ಗಾಳಿಯ ಒತ್ತಡದಿಂದ ಪ್ಲಾಸ್ಟಿಕ್ ಗುಂಡನ್ನು ಹಾರಿಸುವ ಬಂದೂಕುಗಳು ಅಲ್ಲಿ ಬೆಳೆದುಬಂದವು. 1991ರಲ್ಲಿ ಟೋಕಿಯೋ ಮಾರುಯಿ ಎಂಬ ಆಟಿಕೆ ತಯಾರಕರು ಬ್ಯಾಟರಿಯಿಂದ ನಡೆಯುವ ಬಂದೂಕನ್ನು ಮಾರುಕಟ್ಟೆಗೆ ತಂದ ಮೇಲೆ ಆಟಕ್ಕೆ ಈಗಿನ ರೂಪ ಬಂದಿತು. ಶಸ್ತ್ರವನ್ನು ತ್ಯಜಿಸಿದ ನಾಡಿನಲ್ಲೇ ಶಸ್ತ್ರದ ಆಟ ಹುಟ್ಟಿತೆಂಬುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕೋ ನಾನರಿಯೆ.

ಬಂದೂಕಿನ ಹೊಟ್ಟೆಯೊಳಗಿನ ವ್ಯವಸ್ಥೆ ಸರಳವಾದದ್ದು. ಒಂದು ಪುಟ್ಟ ಮೋಟಾರು ಹಲ್ಲುಚಕ್ರಗಳನ್ನು ತಿರುಗಿಸಿ ಸ್ಪ್ರಿಂಗನ್ನು ಹಿಂದಕ್ಕೆಳೆಯುತ್ತದೆ. ಸ್ಪ್ರಿಂಗು ಬಿಟ್ಟುಕೊಂಡಾಗ ಕೊಂತವೊಂದು ಮುಂದೆ ನುಗ್ಗಿ ಗಾಳಿಯನ್ನು ಒತ್ತುತ್ತದೆ. ಆ ಗಾಳಿ 6 ಮಿಲಿಮೀಟರ್ ಅಡ್ಡಳತೆಯ ಬಿಳಿಯ ಗುಂಡನ್ನು ತಳ್ಳುತ್ತದೆ. ಗುಂಡಿನ ತೂಕ 0.20 ಗ್ರಾಂ, ಅಥವಾ ಅದಕ್ಕಿಂತ ಕೊಂಚ ಹೆಚ್ಚು. ಇಷ್ಟು ಹಗುರವಾದದ್ದು ಎಷ್ಟು ದೂರ ಹೋದೀತು ಎಂದು ನಾನು ಹಗುರವಾಗಿಯೇ ಮಾತನಾಡಿದೆ. ಕೊಳವೆಯೊಳಗೆ ಮೇಲ್ಗಡೆ ಒಂದು ರಬ್ಬರಿನ ಗುಬುಟು ಇದೆಯಂತೆ. ಗುಂಡು ಅದಕ್ಕೆ ಉಜ್ಜಿಕೊಂಡು ಹೋಗುವಾಗ ಹಿಮ್ಮುಖವಾಗಿ ಗಿರ್ರನೆ ಸುತ್ತತೊಡಗುತ್ತದೆ. ಸುತ್ತುವ ಗುಂಡನ್ನು ಗಾಳಿಯೇ ಎತ್ತಿ ಹಿಡಿಯುತ್ತದೆ. ಸ್ಪಿನ್ ಬೌಲಿಂಗಿನ ಚೆಂಡು ಗಾಳಿಯಲ್ಲಿ ಓಲಾಡುವುದೂ ಇದೇ ಮ್ಯಾಗ್ನಸ್ ಪರಿಣಾಮದಿಂದ. ಹೀಗೆ ಆ ಸಾಬೂದಾನಿ ಕಾಳಿನಂಥ ವಸ್ತು ನಲವತ್ತು ಐವತ್ತು ಮೀಟರು ನೆಟ್ಟಗೆ ಹೋಗುತ್ತದೆ.

ಕಾಡು ಬಹಳ ಸೊಗಸಾಗಿತ್ತು. ಕೆಂಟಿನಲ್ಲಿ ಚೆಸ್ಟ್‌ನಟ್ ಮರಗಳನ್ನು ಬುಡದವರೆಗೆ ಕಡಿದು ಮತ್ತೆ ಚಿಗುರಲು ಬಿಡುವ ಹಳೆಯ ಪದ್ಧತಿಯಿದೆ. ಒಂದೊಂದು ಬುಡದಿಂದಲೂ ಏಳೆಂಟು ಸಪುರವಾದ ಕಾಂಡಗಳು ಎದ್ದು ನಿಂತಿರುತ್ತವೆ. ಅವುಗಳ ನಡುವೆ ಮರದ ಹಲಗೆಯ ಗುಡಿಸಲುಗಳು, ಹಳೆಯ ಟೈರುಗಳ ಗೋಡೆಗಳು. ಒಂದು ಮೂಲೆಯಲ್ಲಿ ಬಲೆ ಕಟ್ಟಿದ ವಿಶ್ರಾಂತಿಯ ಸ್ಥಳ. ಅಲ್ಲಿ ಯಾವ ಬಂದೂಕಿನಲ್ಲೂ ಗುಂಡಿನ ಡಬ್ಬಿ ಇರಕೂಡದು. ಒಳಗೆ ಉಳಿದ ಗುಂಡೊಂದಿದ್ದರೆ ಅದನ್ನೂ ಹೊರಗೆ ಹಾರಿಸಿಯೇ ಬರಬೇಕು. ಬಲೆಯಾಚೆ ಹೆಜ್ಜೆಯಿಟ್ಟರೆ ಕನ್ನಡಕ ತೆಗೆಯಕೂಡದು.

ಆಟಕ್ಕೆ ಮುನ್ನ ಪ್ರತಿಯೊಂದು ಬಂದೂಕನ್ನೂ ವೇಗ ಅಳೆಯುವ ಯಂತ್ರದ ಮುಂದೆ ಹಿಡಿದರು. ಸಾಮಾನ್ಯ ಬಂದೂಕಿಗೆ ಆ ಮೈದಾನದ ಮಿತಿ ಸೆಕೆಂಡಿಗೆ 350 ಅಡಿ, 0.20 ಗ್ರಾಂ ಗುಂಡಿಗೆ ಲೆಕ್ಕ ಹಾಕಿದರೆ 1.14 ಜೌಲ್. ಬ್ರಿಟನ್ನಿನ 2017ರ ಕಾಯಿದೆ ಒಂದೇ ಸಮನೆ ಹಾರಿಸುವ ಬಂದೂಕಿಗೆ 1.3 ಜೌಲ್, ಒಂದೊಂದೇ ಗುಂಡು ಹಾರಿಸುವುದಕ್ಕೆ 2.5 ಜೌಲ್ ಎಂದು ಗೆರೆ ಎಳೆದಿದೆ; ಗೆರೆ ದಾಟಿದರೆ ಅದು ಆಟಿಕೆಯಾಗಿ ಉಳಿಯದು. ಜಪಾನಿನವರದು ಇನ್ನೂ ಬಿಗಿ, ಒಂದು ಜೌಲ್ ಕೂಡ ತುಂಬಬಾರದು. ದೂರದಿಂದ ಗುರಿಯಿಡುವ ಹೆಚ್ಚು ಬಲದ ಬಂದೂಕಿನವರು ಮೂವತ್ತು ಮೀಟರಿಗಿಂತ ಹತ್ತಿರದವರಿಗೆ ಹೊಡೆಯುವಂತಿಲ್ಲ. ನಿಜವಾದದ್ದರಂತೆ ಕಾಣುವ ಬಂದೂಕನ್ನು ಕೊಳ್ಳಬೇಕಾದರೆ ತಾನು ಆಟಗಾರನೆಂದು ತೋರಿಸಬೇಕು. ಆ ಪಟ್ಟಿಗೆ ಸೇರುವುದಕ್ಕೆ ಎರಡು ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ ಮೂರು ಸಲವಾದರೂ ಆಡಿರಬೇಕು. 18 ತುಂಬದವರಿಗೆ ಅಂಗಡಿಯವನು ಮಾರುವಂತೆಯೇ ಇಲ್ಲ. ನಮ್ಮ ಹುಡುಗನದು ಆ ದಿನಕ್ಕೆ ಬಾಡಿಗೆಗೆ ಪಡೆದ ಬಂದೂಕು. ಸ್ವಂತದ್ದೆಂದು ಅವನಲ್ಲಿದ್ದದ್ದು ಎರಡೇ: ಕಣಕಾಲು ಮುಚ್ಚುವ ಬೂಟು ಮತ್ತು ಕನ್ನಡಕ. ಮೊದಲು ಇವೆರಡು, ಬಂದೂಕು ಎಲ್ಲಕ್ಕಿಂತ ಕೊನೆಗೆ ಎಂದು ಅನುಭವಿಗಳು ಹೇಳಿಕೊಟ್ಟಿದ್ದರಂತೆ.

ಆ ಕನ್ನಡಕವನ್ನು ನಾನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದೆ. ಮುಖಕ್ಕೆ ಸುತ್ತಲೂ ಅಂಟಿಕೊಳ್ಳುವಂಥದು. ಗಾಜಿನ ಅಂಚಿನಲ್ಲಿ ಬಿ ಎಂಬ ಅಕ್ಷರ. ಐರೋಪ್ಯರ 166ನೆಯ ಮಾನಕದಲ್ಲಿ ಆ ಅಕ್ಷರಕ್ಕೆ ಅರ್ಥವಿದೆ. ಆರು ಮಿಲಿಮೀಟರಿನ ಉಕ್ಕಿನ ಗುಂಡನ್ನು ಸೆಕೆಂಡಿಗೆ 120 ಮೀಟರು ವೇಗದಲ್ಲಿ ಹೊಡೆದರೂ ತಡೆದುಕೊಂಡದ್ದು ಬಿ. ಎಫ್ ಎಂಬುದು 45 ಮೀಟರು ವೇಗವನ್ನಷ್ಟೇ ತಡೆದದ್ದು. ಲೆಕ್ಕ ಹಾಕಿದರೆ ಎಫ್ ಕನ್ನಡಕ ಎದುರಿಸಿರುವ ಪೆಟ್ಟು ಒಂದು ಜೌಲಿಗಿಂತ ಕಡಿಮೆ. ಮೈದಾನದ ಬಂದೂಕಿಗೆ ಅದು ಸಾಲದು. ಸಾಮಾನ್ಯ ತಂಪು ಕನ್ನಡಕದ ಮಾತಂತೂ ಬೇಡ. ಮಂಜು ಹಿಡಿಯುವುದಿಲ್ಲವೆಂದು ಕೆಲವರು ತಂತಿಬಲೆಯ ಕನ್ನಡಕ ಹಾಕುತ್ತಾರೆ. ಆದರೆ ಗುಂಡು ಒಡೆದರೆ ಅದರ ಚೂರು ಬಲೆಯ ಕಣ್ಣಿನಲ್ಲಿ ತೂರಿ ಮನುಷ್ಯನ ಕಣ್ಣಿಗೆ ಬರಬಹುದು. ಹಲ್ಲು ಮುರಿದುಕೊಂಡವರೂ ಇದ್ದಾರೆ. ಆದ್ದರಿಂದ ಚಿಕ್ಕವರು ಬಾಯಿಯನ್ನೂ ಮುಚ್ಚಿಕೊಳ್ಳಬೇಕು.

ಕನ್ನಡಕದ ವಿಷಯದಲ್ಲಿ ನಾನು ಇಷ್ಟು ಹೊತ್ತು ನಿಂತದ್ದಕ್ಕೆ ಕಾರಣವಿದೆ. 1958ರ ಸುಮಾರಿಗೆ, ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ ನಾವು ನಾಲ್ಕೈದು ಹುಡುಗರು ಚಿನ್ನಿದಾಂಡು ಆಡುತ್ತಿದ್ದೆವು. ಎರಡು ಕಡೆಯೂ ಚೂಪು ಮಾಡಿದ ಆ ಗೇಣುದ್ದದ ಕಡ್ಡಿಯನ್ನು ಚಿಮ್ಮಿಸಿ ಹೊಡೆದಾಗ ಅದು ಎತ್ತ ಹೋಗುವುದೆಂದು ಹೊಡೆದವನಿಗೂ ತಿಳಿಯದು. ಎದುರಿಗೆ ಹಿಡಿಯಲು ನಿಂತಿದ್ದ ನನ್ನ ಓರಗೆಯವನ ಎಡಗಣ್ಣಿಗೆ ಬಡಿಯಿತು. ಮೈಸೂರಿಗೆ ಕರೆದೊಯ್ದರು; ಕಣ್ಣು ಉಳಿಯಲಿಲ್ಲ. ಅವನ ಕಣ್ಣಿನ ತೂಕಕ್ಕೆ ಅಂದು ನಮ್ಮ ಊರಿನಲ್ಲಿ ಯಾವ ಮಾನಕವೂ ಇರಲಿಲ್ಲ.

ಮೇಲ್ವಿಚಾರಕರೊಬ್ಬರು ನನಗೂ ಒಂದು ಕನ್ನಡಕ, ಎದ್ದುಕಾಣುವ ಹಳದಿಯ ಒಂದು ಮೇಲಂಗಿ ಕೊಟ್ಟು ತಮ್ಮ ಜೊತೆಗೆ ಕಾಡಿನೊಳಕ್ಕೆ ಕರೆದೊಯ್ದರು. ಆಟ ಜೋರಾಗಿ ನಡೆದಿತ್ತು; ಎಲೆಗಳ ಮೇಲೆ ಗುಂಡುಗಳು ಮಳೆಹನಿಯಂತೆ ತಟತಟನೆ ಬೀಳುತ್ತಿದ್ದವು. ಇದ್ದಕ್ಕಿದ್ದಂತೆ ಯಾರೋ “ಬ್ಲೈಂಡ್ ಮ್ಯಾನ್!” ಎಂದು ಕೂಗಿದರು. ಆ ಕೂಗನ್ನು ಮತ್ತೊಬ್ಬರು ಎತ್ತಿಕೊಂಡರು, ಮಗದೊಬ್ಬರು ಎತ್ತಿಕೊಂಡರು. ಅರೆಗಳಿಗೆಯಲ್ಲಿ ಇಡೀ ಕಾಡು ನಿಶ್ಶಬ್ದವಾಯಿತು. ಕುರುಡ, ಕುರುಡ ಎಂದು ಇವರೇಕೆ ಕೂಗುತ್ತಾರೆ? ನನ್ನ ಎದೆ ಹೊಡೆದುಕೊಂಡಿತು. ನಡೆದದ್ದು ಇಷ್ಟೆ: ಹೊಸಬನೊಬ್ಬನ ಕನ್ನಡಕಕ್ಕೆ ಉಸಿರಿನ ಮಂಜು ಹಿಡಿದು, ಅವನು ಮರೆತು ಅದನ್ನು ಹಣೆಗೇರಿಸಿದ್ದ. ಬರಿಗಣ್ಣಿನವನೊಬ್ಬ ಅಂಗಳದಲ್ಲಿದ್ದಾನೆ ಎಂದು ಸಾರುವ ಕೂಗು ಅದು. ಕಂಡವರು ಯಾರೇ ಆಗಲಿ ಕೂಗಬೇಕು, ಕೇಳಿದವರೆಲ್ಲ ನಿಂತಲ್ಲೇ ನಿಲ್ಲಬೇಕು. ಆ ಹುಡುಗ ಕನ್ನಡಕ ಒರಸಿ ಹಾಕಿಕೊಳ್ಳುವವರೆಗೂ ಎರಡು ಪಕ್ಷದವರೂ ಮರಗಳಂತೆ ನಿಂತಿದ್ದರು.

ಬೆಂಗಳೂರಿನ ಹೊರವಲಯದಲ್ಲಿ ಪೇಂಟ್‌ಬಾಲ್ ಎಂಬ ಆಟವನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅಲ್ಲಿ ಗುಂಡು ಒಡೆದು ಮೈಗೆ ಬಣ್ಣ ಹತ್ತುತ್ತದೆ. ವಾದಕ್ಕೆ ಅವಕಾಶ ಕಡಿಮೆ. ಏರ್‌ಸಾಫ್ಟಿನ ಗುಂಡು ಯಾವ ಗುರುತನ್ನೂ ಬಿಡುವುದಿಲ್ಲ. ಪೆಟ್ಟು ತಿಂದವನೇ ಕೈಯೆತ್ತಿ “ಹಿಟ್” ಎಂದು ಕೂಗಿ, ತಲೆಯ ಮೇಲೆ ಕೆಂಪು ಬಟ್ಟೆ ಹಾಕಿಕೊಂಡು ಹೊರನಡೆಯಬೇಕು. ಹೇಳದೆ ಆಡುವವರೂ ಉಂಟು. ಮಧ್ಯಾಹ್ನ ಅಂಥದೊಂದು ಜಗಳವನ್ನು ಮೇಲ್ವಿಚಾರಕರು ಬಿಡಿಸಿದ್ದನ್ನು ನಾನೇ ನೋಡಿದೆ. ಆದರೆ ನನ್ನಿಂದ ಹದಿನೈದು ಹೆಜ್ಜೆ ದೂರದಲ್ಲಿ ಬುಡವೊಂದರ ಮರೆಯಲ್ಲಿ ಕುಳಿತಿದ್ದ ನಮ್ಮ ಹುಡುಗ ಎದ್ದು ಕೈಯೆತ್ತಿದಾಗ ನನಗೆ ಏನೂ ಕಂಡಿರಲಿಲ್ಲ, ಏನೂ ಕೇಳಿಸಿರಲಿಲ್ಲ. ಊಟದ ಹೊತ್ತಿನಲ್ಲಿ ವಿಚಾರಿಸಿದೆ. ಗುಂಡು ತೋಳಿನ ಬಟ್ಟೆಯನ್ನು ಸವರಿಕೊಂಡು ಹೋಯಿತಂತೆ.

“ಹೊಡೆದವನು ನೋಡಿದನೇನೋ?”

“ಇಲ್ಲ ತಾತ, ಅವನು ಬೇರೆ ಕಡೆ ತಿರುಗಿಬಿಟ್ಟಿದ್ದ” ಎಂದು ಹೇಳಿ ಹುಡುಗ ರೊಟ್ಟಿ ತಿನ್ನುವುದರಲ್ಲಿ ಮಗ್ನನಾದ.

ಚಿನ್ನಿಯ ಕಥೆಯಲ್ಲಿ ನಾನು ಒಂದು ಮಾತನ್ನು ಬಿಟ್ಟಿದ್ದೆ. ಹೊಡೆದವರು ಯಾರು ಎಂದು ಅಂದು ಹಿರಿಯರು ನಮ್ಮನ್ನು ಸಾಲಾಗಿ ನಿಲ್ಲಿಸಿ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದವನನ್ನೇ ಕೇಳಿದರೆ, “ನೋಡಲಿಲ್ಲ” ಎಂದ. ದಾಂಡು ಇದ್ದದ್ದು ನನ್ನ ಕೈಯಲ್ಲಿ. ಮುಂದೆ ಓದು, ನೌಕರಿ ಎಂದು ನಾನು ಊರು ಬಿಟ್ಟೆ. ಅವನು ಅಲ್ಲಿಯೇ ಕಿರಾಣಿ ಅಂಗಡಿ ಇಟ್ಟ. ವರ್ಷವರ್ಷವೂ ಜಾತ್ರೆಯಲ್ಲಿ ಭೇಟಿಯಾಗುತ್ತಿದ್ದೆವು. ಮಳೆ, ಬೆಳೆ, ಮಕ್ಕಳ ಮದುವೆ ಎಲ್ಲ ಮಾತಾಡುತ್ತಿದ್ದೆವು.

ಇಂಗ್ಲೆಂಡಿನಿಂದ ಬಂದ ಮೇಲೆ ಊರಿಗೆ ಹೋದೆ. ಅವನ ಅಂಗಡಿಯ ಜಗಲಿಯಲ್ಲಿ ಕುಳಿತು ಈ ಆಟದ ವಿಷಯವನ್ನೆಲ್ಲ ಹೇಳಿದೆ. ಕಾಡು, ಬಿಳಿಯ ಗುಂಡು, ಕುರುಡ ಎನ್ನುವ ಕೂಗು, ಕೈಯೆತ್ತಿದ ಹುಡುಗ. ಆಮೇಲೆ ಮಿಕ್ಕದ್ದನ್ನೂ ಹೇಳಿದೆ. ಅವನು ತಕ್ಕಡಿಯ ತಟ್ಟೆಯನ್ನು ಒರಸುತ್ತ, “ಅದು ನಂಗೆ ಅವತ್ತೇ ಗೊತ್ತಿತ್ತು ಕಣೋ” ಎಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: “ಆ ಕನ್ನಡಕ ಅಂದೆಯಲ್ಲ, ಅದು ಹಾಸನದಲ್ಲಿ ಸಿಕ್ಕೀತಾ? ನಮ್ಮ ಮೊಮ್ಮಗ ವೆಲ್ಡಿಂಗ್ ಕೆಲಸಕ್ಕೆ ಹೋಗ್ತಾನೆ.”